ಹಳೇ ಜೀಪಿಗೆ ರೇಡಿಯೇಟರ್: ಕೌಲ್ ಬಜಾರಿನಲ್ಲಿ ಕೋರ್ ಹಾಕಿಸಿದೆ

ಬಳ್ಳಾರಿಯ ಕೌಲ್ ಬಜಾರಿನ ಒಳಗಲ್ಲಿಯ ಈ ರೇಡಿಯೇಟರ್ ಅಂಗಡಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಪೂರ್ತಿ ಡ್ರೈನ್ ಕಾಕಿನ (ರೇಡಿಯೇಟರಿನ ನೀರು ಬಸಿಯುವ ನಲ್ಲಿಯ) ಪಾಲು, ಅದನ್ನು ಆಮೇಲೆ ಹೇಳುತ್ತೇನೆ. ಅಂಗಡಿಗೆ ಬೋರ್ಡಿಲ್ಲ. ಟ್ರ್ಯಾಕ್ಟರ್, ಲಾರಿ, ಟಿಪ್ಪರುಗಳ ಹಳೇ ರೇಡಿಯೇಟರುಗಳನ್ನು ಗೋಡೆಗೆ ಒರಗಿಸಿರುತ್ತಾರೆ, ಅದೇ ಗುರುತು.

ನನ್ನದು 1994ರ ಮಹೀಂದ್ರ ಎಂಎಂ 540. ಒಳಗೆ 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ನಾನು ಲೈಸೆನ್ಸ್ ಸರ್ವೇಯರ್. ಪೋಡಿ (ಜಮೀನು ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು) ಅಂತ ಸಂಡೂರು ಗುಡ್ಡದ ಅಂಚಿಗೆ, ಕುರುಗೋಡು ಕಡೆ ಬಂಡೆಗಳ ನಡುವಿನ ಹೊಲಗಳಿಗೆ ಹೋಗಬೇಕು. ಅಲ್ಲಿಗೆ ಕಾರು ಹೋಗುವುದಿಲ್ಲ. ಫೋರ್ ವೀಲ್ ಲೋ ಹಾಕಿ, ಒಂದನೇ ಗೇರಿನಲ್ಲಿ, ಬಾಂದುಕಲ್ಲು ಹುಡುಕುತ್ತಾ ತೆವಳುವುದೇ ಕೆಲಸ. ರೇಡಿಯೇಟರಿಗೆ ಇದಕ್ಕಿಂತ ಕಷ್ಟದ ಡ್ಯೂಟಿ ಇಲ್ಲ. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ಇಲ್ಲಿ ಫ್ಯಾನ್ ಎಳೆದದ್ದಷ್ಟೇ ಗಾಳಿ.

ಅದರ ಮೇಲೆ ಬಳ್ಳಾರಿ ಬಿಸಿಲು. ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತದೆ ಅನ್ನುವುದು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ ನಿಂತಿದೆ. ನೀರು 90 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದರೆ ಅಂತರ 65. ಏಪ್ರಿಲ್ ಕೊನೆಯ ಮಧ್ಯಾಹ್ನ ಹೊರಗೆ 42 ಇದ್ದರೆ ಅಂತರ ಬರೀ 48. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನ್, ಕೆಲಸ ಮಾತ್ರ ಕಾಲು ಭಾಗ ಕಡಿಮೆ. ಬೆಂಗಳೂರಿನಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಗಾಡಿ ಇಲ್ಲಿಗೆ ಬಂದ ಮೇಲೆ ಕುದಿಯುವುದು ಇದಕ್ಕೇ.

ನನ್ನ ಹಳೇ ಕೋರ್, ಅಂದರೆ ರೇಡಿಯೇಟರಿನ ನಡುವಿನ ಟ್ಯೂಬು-ಜಾಲಿಯ ಭಾಗ, ರಿಪೇರಿಯ ಹಂತ ದಾಟಿತ್ತು. ಗುಡ್ಡ ಹತ್ತುವಾಗ ಡ್ಯಾಶಿನ ಉಷ್ಣತೆಯ ಮುಳ್ಳು ಕೆಂಪಿಗೆ ತಾಗುತ್ತಿತ್ತು. ಟ್ಯೂಬ್ ಕೂರುವ ಪ್ಲೇಟಿನ ಹತ್ತಿರ ಎರಡು ಮೂರು ಕಡೆ ಹಸಿರು ಕಲೆ, ಸಣ್ಣ ಜಿನುಗು. ಬದಲಾಯಿಸುವುದು ಖಚಿತವಾದ ಮೇಲೆ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ರೆಡಿ ತಾಮ್ರ-ಹಿತ್ತಾಳೆಯದು. ಏಳು ಸಾವಿರ ಹೇಳಿದರು. ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಡಿಐ ಗಾಡಿನಾ, ಪ್ಯೂಜೋನಾ ಸಾರ್?" ಡಿಐ ಅಂದರೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಇದಕ್ಕೆ ಸರಿಯಾಗಿ ಉತ್ತರ ಕೊಡಿ. ಹೊರಗಿನಿಂದ ಎರಡು ಜೀಪೂ ಒಂದೇ ಥರ ಕಾಣುತ್ತವೆ. ಆದರೆ ಎಂಜಿನ್ ಬೇರೆ, ಹೋಸ್ ಪೈಪ್ ಕೂರುವ ಜಾಗವೂ ಬೇರೆ ಇರಬಹುದು. ಎಂಜಿನ್ ಬದಲಾಯಿಸಿದ ಜೀಪುಗಳು ನಮ್ಮ ಕಡೆ ಬೇಕಾದಷ್ಟಿವೆ, ಆರ್‌ಸಿ ನೋಡಿ ಹೇಳಬೇಡಿ. ಬಾನೆಟ್ ಎತ್ತಿ ನೋಡಿ. ಪ್ಯೂಜೋ ಎಂಜಿನ್ ಹಳೇ ಇನ್‌ಡೈರೆಕ್ಟ್ ಇಂಜೆಕ್ಷನ್ ಮಾದರಿ. ಡೈರೆಕ್ಟ್ ಇಂಜೆಕ್ಷನ್‌ಗೆ ಹೋಲಿಸಿದರೆ ಇದು ನೀರಿಗೆ ಬಿಡುವ ಶಾಖವೇ ಜಾಸ್ತಿ.

ನನ್ನ ಜೇಬಿನಲ್ಲಿ ಯಾವಾಗಲೂ ಟೇಪ್ ಇರುತ್ತದೆ, ಅಲ್ವಾ. ಅಳೆದೆ. ಉದ್ದ ಅಗಲ ನನ್ನ ಹಳೆಯದರಷ್ಟೇ ಇತ್ತು. ಆದರೆ ಟ್ಯೂಬ್ ಎಣಿಸಿದರೆ ಕಡಿಮೆ. ಒಂದೊಂದರ ನಡುವೆ ಜಾಗ ಜಾಸ್ತಿ ಬಿಟ್ಟು ಅದೇ ಅಗಲ ತುಂಬಿಸಿದ್ದರು. ಮೇಲಿನ ಟ್ಯಾಂಕಿನ ತಗಡು ಬೆರಳಲ್ಲಿ ಒತ್ತಿದರೆ ಬಾಗುವಷ್ಟು ತೆಳು. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ, ಹಳೆಯದು ಭಾರ, ಇದು ಹಗುರ. ಬಿಟ್ಟೆ. ಊರೊಳಗೆ ಮಾತ್ರ ಓಡಿಸುವವರಿಗೆ ಇದು ಸಾಕು.

ಎರಡನೆಯದು ಪೂರ್ತಿ ಅಲ್ಯುಮಿನಿಯಂ. ಬೇರೆ ಊರಿನಿಂದ ಆರ್ಡರ್ ಮಾಡಿ ತರಿಸಬೇಕು. ಹದಿನೆಂಟು ಸಾವಿರ, ಸಾಗಣೆ ಬೇರೆ. ಕನ್ನಡಿ ಥರ ಹೊಳೆಯುತ್ತದೆ, ಫೋಟೋಗೆ ಚೆನ್ನ. ಇದರ ಬಗ್ಗೆ ಅನ್ಯಾಯವಾಗಿ ಮಾತಾಡಬಾರದು, ಯಾಕೆಂದರೆ ಕೂಲಿಂಗ್‌ನಲ್ಲಿ ಇದು ಹಿಂದೆ ಬಿದ್ದಿಲ್ಲ. ಶಾಖ ದಾಟಿಸುವ ಗುಣದಲ್ಲಿ ತಾಮ್ರ ಅಲ್ಯುಮಿನಿಯಂಗಿಂತ ಒಂದೂವರೆ ಪಟ್ಟಿಗೂ ಮುಂದೆ, ಅದು ನಿಜ. ಆದರೆ ಅಲ್ಯುಮಿನಿಯಂ ಟ್ಯೂಬನ್ನು ಅಗಲವಾಗಿ ಮಾಡಬಹುದು, ಟ್ಯೂಬಿಗೂ ಜಾಲಿಗೂ ನಡುವೆ ಸೀಸದ ಬೆಸುಗೆಯ ಪದರ ಇರುವುದಿಲ್ಲ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಸರಿಸಮ ಬರುತ್ತದೆ. ತೂಕ ಅಂತೂ ಎಷ್ಟೋ ಕಡಿಮೆ.

ತೊಂದರೆ ಇರುವುದು ಒಡೆದಾಗ. ತಾಮ್ರ-ಹಿತ್ತಾಳೆಯ ಬೆಸುಗೆ ಸೀಸ ಮತ್ತು ತವರದ್ದು, 200 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಒಂದು ಗ್ಯಾಸ್ ಟಾರ್ಚ್ ಇದ್ದರೆ ಸಿರುಗುಪ್ಪದಲ್ಲೂ ಹಾಕುತ್ತಾರೆ, ಸಂಡೂರಿನಲ್ಲೂ ಹಾಕುತ್ತಾರೆ. ಅಲ್ಯುಮಿನಿಯಂ ಕೋರನ್ನು ಫರ್ನೇಸಿನಲ್ಲಿ 600 ಡಿಗ್ರಿ ಹತ್ತಿರ ಕಾಯಿಸಿ ಕೂಡಿಸಿರುತ್ತಾರೆ. ಅದನ್ನು ರಸ್ತೆ ಬದಿಯಲ್ಲಿ ರಿಪೇರಿ ಮಾಡಲಾಗದು. ಸಂಡೂರಿನ ನನ್ನ ಗೆಳೆಯ ಇಂಥದ್ದೇ ಜೀಪಿಗೆ ಅಲ್ಯುಮಿನಿಯಂ ಹಾಕಿಸಿದ. ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಆಮೇಲೆ ಸೈಡ್ ಬ್ರಾಕೆಟ್ ಬೆಸುಗೆ ಸೀಳಿತು. ಜೀಪಿನ ಚಾಸಿ ಹಳ್ಳ-ದಿಣ್ಣೆಯಲ್ಲಿ ತಿರುಚುತ್ತದೆ, ಆ ತಿರುಚು ನೇರ ಬ್ರಾಕೆಟ್ಟಿಗೆ ಬಂತು. ತೋರಣಗಲ್ಲಿನಲ್ಲಿ ಆರ್ಗನ್ ವೆಲ್ಡಿಂಗ್ ಮಾಡುವವರು ಸಿಕ್ಕರು. ಬ್ರಾಕೆಟ್ ಸರಿ ಮಾಡಿ ಕೊಟ್ಟರು. ಪಕ್ಕದ ಟ್ಯೂಬ್ ಬುಡದ ಸೋರಿಕೆಗೆ ಮಾತ್ರ ಕೈ ಮುಗಿದರು. ಮಾರಿದವರು ಫೋನಿನಲ್ಲಿ, "ಆಫ್‌ರೋಡ್ ಮಾಡಿದ್ರೆ ವಾರಂಟಿ ಇಲ್ಲ ಸಾರ್" ಅಂದರಂತೆ. ಜೀಪಿನ ರೇಡಿಯೇಟರಿಗೆ ಆಫ್‌ರೋಡ್ ವಾರಂಟಿ ಇಲ್ಲ!

ಮೂರನೆಯದು ನಾನು ಆರಿಸಿಕೊಂಡದ್ದು. ಹಳೇ ಹಿತ್ತಾಳೆ ಟ್ಯಾಂಕುಗಳನ್ನೂ ಪಕ್ಕದ ಪಟ್ಟಿಗಳನ್ನೂ ಉಳಿಸಿಕೊಂಡು ನಡುವಿನ ಕೋರ್ ಮಾತ್ರ ಹೊಸದು. ಗಟ್ಟಿ ಟ್ಯಾಂಕ್ ಉಳಿಯಿತು, ಬೋಲ್ಟಿನ ತೂತು ಒಂದೂ ಕದಲಲಿಲ್ಲ, ಹೋಸ್ ಪೈಪ್ ಹಳೆಯದೇ ಕೂತಿತು. ಒಂಬತ್ತೂವರೆ ಸಾವಿರ ಹೇಳಿದರು, ಅದರಲ್ಲಿ ಹಳೇ ಕೋರಿನ ಗುಜರಿ ಬೆಲೆ ಕಳೆದರು. ಆಗ ತಾಮ್ರದ ದರ ಏರಿದ್ದರಿಂದ ಕಳೆದದ್ದು ಸಣ್ಣ ಮೊತ್ತವೇನಲ್ಲ.

ಅಂಗಡಿಯ ಭಾಯ್ ಹೆಚ್ಚು ಮಾತಾಡುವವರಲ್ಲ. ನಾಲ್ಕು ರೋ (ಟ್ಯೂಬಿನ ಸಾಲು) ಹಾಕಿ ಅಂತ ಕೇಳಿದ್ದಕ್ಕೆ ಟಾರ್ಚ್ ಆರಿಸಿ ನನ್ನ ಕಡೆ ತಿರುಗಿದರು. "ರೋ ಹಾಕ್ಬೋದು ಸಾರ್, ಗಾಳಿ ಎಲ್ಲಿಂದ ತರ್ಲಿ?" ಅಂದರು. ಮಾತು ಸರಿ. ದಪ್ಪ ಕೋರಿನಲ್ಲಿ ಹಿಂದಿನ ಸಾಲಿಗೆ ಸಿಗುವುದು ಮದುವೆ ಮನೆಯ ನಾಲ್ಕನೇ ಪಂಕ್ತಿಯ ಊಟ. ಮುಂದಿನ ಮೂರು ಸಾಲು ದಾಟುವಷ್ಟರಲ್ಲಿ ಗಾಳಿ ಬಿಸಿಯಾಗಿರುತ್ತದೆ, ಕೋರ್ ದಪ್ಪವಾದಷ್ಟೂ ಒಟ್ಟು ಹಾಯುವ ಗಾಳಿಯೂ ಕಡಿಮೆ. ನಿಧಾನ ತಿರುಗುವ ಫ್ಯಾನ್ ಇರುವ ಗಾಡಿಗೆ ಇದು ಇನ್ನೂ ಜಾಸ್ತಿ ಅನ್ವಯ. ಹಳೆಯದರಲ್ಲಿ ಇದ್ದಷ್ಟೇ ಮೂರು ರೋ ಸಾಕು ಅಂತಾಯಿತು.

ಜಾಲಿಯ ವಿಷಯದಲ್ಲೂ ಅವರದೇ ಮಾತು ನಡೆಯಿತು. ಇಂಚಿಗೆ ಹದಿನಾಲ್ಕು ಮಡಿಕೆ ಇರುವ ಒತ್ತು ಜಾಲಿಯ ಬದಲು ಹತ್ತರ ಹತ್ತಿರದ್ದು ಹಾಕಿದರು. ಲೆಕ್ಕದ ಪ್ರಕಾರ ಒತ್ತು ಜಾಲಿಗೇ ಮೇಲ್ಮೈ ಜಾಸ್ತಿ. ಆದರೆ ಅದಿರಿನ ಲಾರಿಗಳ ಹಿಂದೆ ಓಡಾಡುವ ಗಾಡಿಗೆ ಆ ಲೆಕ್ಕ ಎರಡು ತಿಂಗಳೂ ನಿಲ್ಲುವುದಿಲ್ಲ. ಆ ಕೆಂಪು ಧೂಳು ಹಿಟ್ಟಿನಂತೆ ನುಣುಪು. ಎಂಜಿನ್ನಿನ ಎಣ್ಣೆ ಜಿಡ್ಡಿನ ಜೊತೆ ಸೇರಿದರೆ ಜಾಲಿಯೊಳಗೆ ಗಟ್ಟಿಯಾಗಿ ಕೂರುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಾಮಾನ್ಯ ಪೈಪಿನ ನೀರು ಬಿಡಬೇಕು. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಜಾಲಿ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಹಳೇ ಕೋರನ್ನು ಬಿಚ್ಚಿದ ಮೇಲೆ ಒಂದು ಟ್ಯೂಬನ್ನು ಸೀಳಿ ತೋರಿಸಿದರು. ಒಳಗೆ ಸುಣ್ಣದ ಪದರ. ಬೋರಿನ ಗಡಸು ನೀರು ಕಾದಾಗ ಬಿಟ್ಟ ಕ್ಯಾಲ್ಸಿಯಂ. ನೀರು ಹರಿಯುವ ದಾರಿಯೂ ಕಿರಿದು, ಲೋಹಕ್ಕೆ ಶಾಖ ದಾಟುವುದೂ ಕಡಿಮೆ. ಗಾಡಿಯ ಹಿಂದಿನ ಮಾಲೀಕರು ಹೊಲದ ಮೋಟಾರಿನ ನೀರನ್ನೇ ಕೊಡದಲ್ಲಿ ತುಂಬುತ್ತಿದ್ದರಂತೆ. ಈಗ ನಾನು ಹಾಕುವುದು ಬ್ಯಾಟರಿಗೆ ಬಳಸುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್. ಕೂಲಂಟ್ ಕೊಳ್ಳುವಾಗ ಡಬ್ಬಿಯ ಮೇಲೆ ತಾಮ್ರ, ಹಿತ್ತಾಳೆ, ಬೆಸುಗೆಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಹೊಸ ಕಾರುಗಳಿಗೆಂದು ಬರುವ ಎಲ್ಲವೂ ಸೀಸದ ಬೆಸುಗೆಗೆ ಒಗ್ಗುವುದಿಲ್ಲ. ಕೂಲಂಟ್ ಸಿಹಿಯಾಗಿರುತ್ತದೆ, ವಿಷ ಕೂಡ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆದುಬಿಡಿ.

ಕೋರ್ ಕೂಡಿಸಿದ ಮೇಲೆ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೊದಲ ಸಲ ಕೆಳಗಿನ ಮೂಲೆಯಲ್ಲಿ ಗುಳ್ಳೆ ಬಂತು. ತೆಗೆದು, ಒರೆಸಿ, ಬೆಸುಗೆ ಮಾಡಿ, ಮತ್ತೆ ಮುಳುಗಿಸಿದರು. ನನ್ನನ್ನು ಕರೆದು ತೋರಿಸಿದರು. ಇದಕ್ಕೇ ನಾಲ್ಕು ಅಂಕ. ಬಣ್ಣವನ್ನೂ ತೆಳುವಾಗಿ ಒಂದೇ ಕೈ ಹೊಡೆದರು. ದಪ್ಪ ಕಪ್ಪು ಪೇಂಟ್ ಜಾಲಿಯ ಮೇಲೆ ಹೊದಿಕೆ ಹಾಕಿದ ಹಾಗೆಯೇ.

ರೇಡಿಯೇಟರ್ ಮುಚ್ಚಳದ ಬಗ್ಗೆ ಒಂದು ಮಾತು. ಪ್ರೆಶರ್ ಏರಿದಷ್ಟೂ ನೀರು ಕುದಿಯುವ ಮಟ್ಟ ಏರುತ್ತದೆ. ಅರ್ಧ ಬಾರ್ ಮುಚ್ಚಳದಲ್ಲಿ ಬರೀ ನೀರು 111 ಡಿಗ್ರಿವರೆಗೆ ತಡೆಯುತ್ತದೆ, 0.9 ಬಾರಿನಲ್ಲಿ 118ರವರೆಗೆ. ಅದಕ್ಕೆ ಜಾಸ್ತಿ ಪ್ರೆಶರಿನದು ಹಾಕಿ ಅನ್ನುವವರಿದ್ದಾರೆ. ಮೂವತ್ತು ವರ್ಷದ ಹಿತ್ತಾಳೆ ಟ್ಯಾಂಕಿನ ಬೆಸುಗೆ, ಹಳೇ ಹೋಸ್, ಹೀಟರ್ ಪೈಪ್ ಎಲ್ಲ ಆ ಪ್ರೆಶರ್ ತಡೆಯಬೇಕಲ್ಲ? ಗಾಡಿಗೆ ಮೊದಲಿದ್ದ ಅಂಕಿಯದೇ ಹೊಸದು ತಂದು ಹಾಕಿ.

ಇನ್ನು ಎಲ್ಲರೂ ಮರೆಯುವ ಸಾಮಾನು, ಫ್ಯಾನ್ ಸುತ್ತಲಿನ ತಗಡಿನ ಕವರ್. ನಮ್ಮ ಕಡೆಯ ಹಳೇ ಜೀಪುಗಳಲ್ಲಿ ಬಹಳಷ್ಟಕ್ಕೆ ಅದು ಇಲ್ಲ. ಯಾವುದೋ ರಿಪೇರಿಯಲ್ಲಿ ಬಿಚ್ಚಿರುತ್ತಾರೆ, ವಾಪಸ್ ಹಾಕಿರುವುದಿಲ್ಲ. ಕವರ್ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ಗುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ಕೋರಿನ ನಾಲ್ಕು ಮೂಲೆ ಸುಮ್ನೆ ಕೂತಿರುತ್ತವೆ. ಸಾಲದ್ದಕ್ಕೆ ಎಂಜಿನ್ ಬಳಿಯ ಬಿಸಿ ಗಾಳಿಯೇ ಸುತ್ತು ಹಾಕಿ ಮತ್ತೆ ಬರುತ್ತದೆ. ಪಕ್ಕದ ಬೀದಿಯ ತಗಡಿನ ಕೆಲಸದವರ ಹತ್ತಿರ ಒಂದು ಮಾಡಿಸಿದೆ. ರೆಕ್ಕೆಯ ಅಗಲದಲ್ಲಿ ಅರ್ಧ ಕವರ್ ಒಳಗೆ, ಅರ್ಧ ಹೊರಗೆ. ಸುತ್ತ ಒಂದು ಇಂಚಿಗೆ ಹತ್ತಿರ ಬಿಡುವು, ಎಂಜಿನ್ ಅಲ್ಲಾಡುತ್ತದಲ್ಲ. ದುಡ್ಡು ಕಡಿಮೆ ಇದ್ದರೆ ರೇಡಿಯೇಟರಿಗೆ ಕೈ ಹಾಕುವ ಮೊದಲು ಇದನ್ನು ಮಾಡಿಸಿ ನೋಡಿ. ಕೆಲವರಿಗೆ ಅಷ್ಟಕ್ಕೇ ಕೆಲಸ ಮುಗಿಯಬಹುದು.

ವಾಲ್ವ್ ತೆಗೆದುಬಿಡಿ ಅನ್ನುವ ಸಲಹೆ ನನಗೂ ಸಿಕ್ಕಿತು. ವಾಲ್ವ್ ಅಂದರೆ ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಾಮಾನು. ಥರ್ಮೋಸ್ಟಾಟ್ ತೆಗೆದರೆ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಎಷ್ಟೋ ಹೊತ್ತು ಬೇಕು, ಹೊಗೆ ಜಾಸ್ತಿ, ಸವೆತವೂ ಜಾಸ್ತಿ. ಹಳೆಯದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದೆ, 80 ದಾಟುತ್ತಲೇ ಬಾಯಿ ಬಿಟ್ಟಿತು. ಹಾಗೇ ವಾಪಸ್ ಹಾಕಿಸಿದೆ.

ಫಲಿತಾಂಶ ಹೇಳಬೇಕಲ್ಲ. ಸಂಡೂರಿನ ಕುಮಾರಸ್ವಾಮಿ ಗುಡಿ ಕಡೆಯ ಏರಿನಲ್ಲಿ, ಮೇ ತಿಂಗಳ ಮಧ್ಯಾಹ್ನ, ಹಿಂದೆ ಇಬ್ಬರು ಸಹಾಯಕರು, ಸರಪಳಿ, ಕಲ್ಲು, ನೀರಿನ ಕ್ಯಾನು ಎಲ್ಲ ಹೇರಿಕೊಂಡು ಹತ್ತಿದರೂ ಮುಳ್ಳು ಮುಕ್ಕಾಲಿನ ಕೆಳಗೇ ನಿಲ್ಲುತ್ತದೆ. ಡ್ಯಾಶಿನ ಮುಳ್ಳನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಥರ್ಮಲ್ ಗನ್ ಹಿಡಿದು ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು ಎರಡನ್ನೂ ನೋಡುತ್ತೇನೆ. ನಡುವೆ ಏಳೆಂಟು ಡಿಗ್ರಿ ಅಂತರ ಬರುತ್ತದೆ. ನೀವೂ ಹೀಗೆ ನೋಡುವುದಾದರೆ ಕಪ್ಪು ಬಣ್ಣ ಇರುವ ಕಡೆ ಗನ್ ಹಿಡಿಯಿರಿ. ಹೊಳೆಯುವ ಹಿತ್ತಾಳೆಯ ಮೇಲೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಡ್ರೈನ್ ಕಾಕ್. ಹಳೆಯದು ಹಿತ್ತಾಳೆಯದು, ಕೈಯಲ್ಲಿ ತಿರುವಿದರೆ ಸಾಕಿತ್ತು. ಕೇಳದೆ ಅದನ್ನು ತೆಗೆದು ಹೊಸದೊಂದು ಹಗುರ ಸಾಮಾನು ಹಾಕಿಕೊಟ್ಟರು. ಮೊದಲ ವಾರವೇ ತೊಟ್ಟಿಕ್ಕಿತು. ವಾಪಸ್ ಹೋದಾಗ ದುಡ್ಡು ತಗೊಳ್ಳದೆ ಬದಲಾಯಿಸಿದರು ನಿಜ. ಆದರೆ ನನ್ನ ಹಳೇ ಕಾಕ್ ಅಷ್ಟರಲ್ಲಿ ಗುಜರಿ ಸೇರಿತ್ತು. ಇಂಥ ಸಾಮಾನನ್ನು ಮೊದಲೇ ಬಿಚ್ಚಿ ಮನೆಯಲ್ಲಿಟ್ಟು ಹೋಗುವುದು ಒಳ್ಳೆಯದು.

ಹೇಳಿದ ದಿನಕ್ಕೆ ಕೆಲಸ ಸಿಗಲಿಲ್ಲ ಅನ್ನುವುದನ್ನು ನಾನು ದೂರಿನ ಲೆಕ್ಕಕ್ಕೆ ಹಿಡಿದಿಲ್ಲ. ಸಿರುಗುಪ್ಪ, ಕಂಪ್ಲಿ ಕಡೆ ಭತ್ತದ ಕಟಾವು ನಡೆಯುವಾಗ ಹೊಟ್ಟು ತುಂಬಿದ ಹಾರ್ವೆಸ್ಟರ್ ರೇಡಿಯೇಟರುಗಳು ಸಾಲುಗಟ್ಟಿ ಬರುತ್ತವೆ. ಅವಕ್ಕೇ ಮೊದಲು. ಆ ಸಮಯ ಬಿಟ್ಟು ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ಗಲ್ಲಿ ಕಿರಿದು, ಜೀಪನ್ನು ಹೊರಗಿನ ರಸ್ತೆಯಲ್ಲೇ ನಿಲ್ಲಿಸಿ ರೇಡಿಯೇಟರ್ ಮಾತ್ರ ಹೊತ್ತು ತರಬೇಕು. ಹಳೇ ಕೋರ್ ತೂಕಕ್ಕೆ ಇಡುವಾಗ ಟ್ಯಾಂಕು ಬಿಚ್ಚಿದ ಮೇಲೆ ತೂಗಲಿ, ನೀವು ತಕ್ಕಡಿಯ ಎದುರಿಗೇ ಇರಿ, ಅವತ್ತಿನ ತಾಮ್ರದ ದರ ಮೊದಲೇ ಕೇಳಿಕೊಳ್ಳಿ.