ರೋಮ್‌ಗೆ ಹೋದ್ರೆ ಪಲಾಝೊ ಮಾಸ್ಸಿಮೊ ಮ್ಯೂಸಿಯಂ ಮೊದ್ಲು ನೋಡಿ

ನಮ್ಮ ಆರ್ಕಿಟೆಕ್ಚರ್ ಕ್ಲಾಸಿಂದ ಸ್ಟಡಿ ಟೂರ್ ಹೋಗಿದ್ವಿ, ಬೆಳಿಗ್ಗೆ ಫೋರಮ್ (ಹಳೇ ರೋಮ್‌ನ ಮುಖ್ಯ ಚೌಕ, ಈಗ ಅವಶೇಷ), ಅದರ ಪಕ್ಕದ ಪ್ಯಾಲಟೈನ್ ಗುಡ್ಡ ಎಲ್ಲಾ ಸುತ್ತಿ ಮಧ್ಯಾಹ್ನ ಈ ಮ್ಯೂಸಿಯಂ. ನನ್ ಪ್ರಕಾರ ಯಾವ ಕ್ಲಾಸಾದ್ರೂ ಮೊದ್ಲು ಇಲ್ಲಿಗೆ ಬಂದು ಆಮೇಲೆ ಫೋರಮ್‌ಗೆ ಹೋಗ್ಬೇಕು, ಯಾಕಂದ್ರೆ ಅಲ್ಲಿ ಉಳ್ದಿರೋದು ಬರೀ ಇಟ್ಟಿಗೆ, ಕಾಂಕ್ರೀಟು, ಅಲ್ಲಲ್ಲಿ ಅಮೃತಶಿಲೆ ಕಂಬ, ಒಳಗಡೆ ಗೋಡೆಗೆಲ್ಲಾ ಬಣ್ಣ ಇತ್ತು ಅಂತ ಮೇಡಂ ಎಷ್ಟು ಹೇಳಿದ್ರೂ ಕಣ್ಣಿಗೆ ಕಟ್ಟಲ್ಲ. ಇಲ್ಲಿ ಆ ಬಣ್ಣ ಇದೆ!

ಸೀದಾ ಮೇಲಿನ ಫ್ಲೋರ್‌ಗೆ ಹೋಗಿ. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಹೆಂಡ್ತಿ ಲಿವಿಯಾಳ ವಿಲ್ಲಾ ಊರಾಚೆ ಪ್ರಿಮಾ ಪೋರ್ತಾದಲ್ಲಿತ್ತು, ಅದ್ರಲ್ಲಿ ಅರ್ಧ ನೆಲದೊಳಗೆ ಕಟ್ಟಿದ್ದ ಒಂದು ರೂಮು 1863ರಲ್ಲಿ ಸಿಕ್ತು, ಅದರ ಗೋಡೆ ಚಿತ್ರಗಳನ್ನ ಬಿಡಿಸ್ಕೊಂಡು ಬಂದು ಇಲ್ಲಿ ರೂಮಿನ ಥರಾನೇ ಜೋಡಿಸಿದಾರೆ. ನಾಲ್ಕೂ ಕಡೆ ತೋಟ. ದಾಳಿಂಬೆ, ಕಣಗಿಲೆ, ಗುಲಾಬಿ, ಗಸಗಸೆ ಹೂ, ಎಲ್ಲಿ ನೋಡಿದ್ರೂ ಹಕ್ಕಿ, ಒಬ್ಬ ಮನುಷ್ಯನೂ ಇಲ್ಲ. ಮುಂದಿನ ಗಿಡಗಳಲ್ಲಿ ಎಲೆ ಎಲೆ ಎಣಿಸ್ಬಹುದು, ಹಿಂದಿನ ಮರಗಳು ಮಸುಕಾಗ್ತಾ ಆಕಾಶದ ನೀಲಿಯಲ್ಲಿ ಸೇರ್ಕೊಂಡ್ಬಿಡತ್ತೆ, ಎರಡು ಸಾವಿರ ವರ್ಷದ ಹಿಂದೆ ಬರೀ ಬಣ್ಣದಲ್ಲೇ ಇಷ್ಟು ಆಳ ತೋರ್ಸಿದಾರೆ ಅಂದ್ರೆ ಆ ಕಲಾವಿದರಿಗೆ ಕೈ ಮುಗೀಬೇಕು. ಕಿಟಕಿ ಇಲ್ದಿರೋ ರೂಮಲ್ಲಿ ಜನ ಕೂರೋಕೆ ಹೆಂಗೆ ಮನಸ್ಸು ಬರತ್ತೆ ಅನ್ನೋದಕ್ಕೆ ನಮ್ಮ ಸಿಲಬಸ್‌ನಲ್ಲಿ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಪಕ್ಕದಲ್ಲೇ 1879ರಲ್ಲಿ ಟೈಬರ್ ನದಿ ದಡದಲ್ಲಿ ಸಿಕ್ಕಿದ ಫಾರ್ನೆಸಿನಾ ವಿಲ್ಲಾದ ರೂಮುಗಳಿವೆ, ಕಡುಕೆಂಪು ಬೆಡ್‌ರೂಮು, ಕಪ್ಪು ಗೋಡೆಯ ಊಟದ ಹಾಲು.

ಕೆಳಗೆ ಕೂತಿರೋ ಬಾಕ್ಸರ್ ಕಂಚಿನ ಮೂರ್ತಿ ಮಿಸ್ ಮಾಡ್ಬೇಡಿ. ಗ್ರೀಕ್ ಕೆಲಸ, 1885ರಲ್ಲಿ ಕ್ವಿರಿನಾಲ್ ಗುಡ್ಡದಲ್ಲಿ ಸಿಕ್ಕಿದ್ದು. ಮೂಗು ಮುರಿದಿದೆ, ಕಿವಿ ಊದಿದೆ, ಕೈಗೆ ಚರ್ಮದ ಪಟ್ಟಿ ಹಾಗೇ ಇದೆ, ಗಾಯಕ್ಕೂ ರಕ್ತದ ಹನಿಗೂ ತಾಮ್ರ ಕೂರ್ಸಿದಾರೆ. ಮುಂದೆ ನಿಂತು ಫೋಟೋ ತೆಗ್ದು ಹೋಗ್ಬಿಡ್ತಾರೆ ಎಲ್ರೂ, ಸುತ್ತ ಒಂದು ರೌಂಡ್ ಹಾಕಿ, ತಿರುಗಿಸಿದ ಮುಖದ ಕಡೆಯಿಂದ ನೋಡಿ, ಸೋತನೋ ಗೆದ್ದನೋ ಗೊತ್ತಾಗಲ್ಲ, ದಣಿದಿರೋದು ಮಾತ್ರ ಗೊತ್ತಾಗತ್ತೆ.

ನಾಣ್ಯಗಳ ವಿಭಾಗ ಬೇಸ್‌ಮೆಂಟಲ್ಲಿದೆ, ಅಲ್ಲಿ ನನಗೆ ಚಿತ್ರದುರ್ಗ ನೆನಪಾಯ್ತು, ಚಂದ್ರವಳ್ಳೀಲಿ ಚಕ್ರವರ್ತಿ ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿತ್ತಲ್ಲ.

ಟರ್ಮಿನಿ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು, ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಹೆಸರಿನ ಹಳೇ ಸ್ನಾನಗೃಹವೂ ಅಲ್ಲೇ ಹತ್ರ. ಸ್ಕೆಚ್‌ಬುಕ್ ತಗೊಂಡ್ಹೋಗಿ, ಅರ್ಧ ದಿನ ಇಟ್ಕೊಳ್ಳಿ, ಸೋಮವಾರ ರಜೆ.