ಹಿಟ್ಟು ತಿಗಣೆ ಎಂದು ಹೊಡೆದೆ, ಸತ್ತದ್ದು ನಾನೇ ತಂದು ಬಿಟ್ಟ ಹುಳು

ದ್ರಾಕ್ಷಿ ತೋಟಕ್ಕೆ ಮೊದಲ ಸಲ ಮಿತ್ರಕೀಟ ತರಿಸುತ್ತಿರುವವರು ಔಷಧದ ಅಂಗಡಿಗೆ ಹೋಗುವ ಮುನ್ನ ಇದನ್ನು ಓದಿ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಎರಡು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ ಕೆಲಸದ) ನಂತರ ಕಾಯಿ ಬಲಿಯುವ ಹೊತ್ತಿಗೆ ತೊಗಟೆಯಡಿ, ಗೊಂಚಲ ತೊಟ್ಟಿನಲ್ಲಿ, ಬಿಳಿ ಮೇಣ ಹೊದ್ದು ರಸ ಹೀರುವ ಹಿಟ್ಟು ತಿಗಣೆ ಕಂಡಿತು. ಹಣ್ಣಿನಲ್ಲಿ ವಿಷ ಉಳಿದೀತೆಂಬ ಅಂಜಿಕೆಯಿಂದ, ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ದುಂಬಿ ತರಿಸಿದೆ. ಗುಲಗಂಜಿ ಹುಳುವಿನ ಜಾತಿ, ಕಪ್ಪು ಬೆನ್ನು, ಕಿತ್ತಳೆ ತಲೆ. ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ 1898ರಲ್ಲೇ ಬಂದದ್ದು. ತಂಪು ಹೊತ್ತಿನಲ್ಲಿ ಬಳ್ಳಿಗಳ ಮೇಲೆ ಬಿಟ್ಟೆವು.

ಎರಡು ವಾರ ಕಳೆದು ನೋಡಿದರೆ ಗೊಂಚಲ ತುಂಬ ಬಿಳಿ ಹುಳು, ಅದೂ ಮೊದಲಿಗಿಂತ ದಪ್ಪ! ದುಡ್ಡು ಹೊಳೆಗೆ ಹೋಯಿತೆಂದು ಅಂಗಡಿಗೆ ಓಡಿದೆ. ಅಲ್ಲಿ ಬುಪ್ರೊಫೆಜಿನ್ ಕೊಟ್ಟು, ‘ಇದಕ್ಕೆ ದುಂಬಿ ಸಾಯುವುದಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ’ ಎಂದರು. ಮಾತು ಅರ್ಧ ನಿಜ. ಬೆಳೆದ ದುಂಬಿ ಸಾಯುವುದಿಲ್ಲ. ಆದರೆ ಆ ಔಷಧದ ಕೆಲಸವೇ ಮರಿ ಪೊರೆ ಕಳಚದಂತೆ ತಡೆಯುವುದು. ತಿಗಣೆಯ ಮರಿಯಂತೆ ದುಂಬಿಯ ಮರಿಯೂ ಪೊರೆ ಕಳಚಿಯೇ ಬೆಳೆಯಬೇಕಲ್ಲ?

ನಾನು ಕಂಡ ಬಿಳಿ ಹುಳುಗಳೇ ಆ ದುಂಬಿಯ ಮರಿಗಳು. ಮೈಮೇಲೆ ಹತ್ತಿಯ ಎಳೆಯಂಥ ಮೇಣ, ತಿಗಣೆಯೆಂದೇ ಮೋಸ ಹೋಗುವ ಹಾಗೆ. ಆದರೆ ಬಲಿತ ಮರಿ ತಿಗಣೆಗಿಂತ ಮೂರು ಪಟ್ಟು ಉದ್ದ, ಎಳೆಗಳೂ ಉದ್ದ. ಕಡ್ಡಿಯಿಂದ ತಟ್ಟಿದರೆ ನಡೆದು ಹೋಗುತ್ತದೆ. ತಿಗಣೆ ಕೂತಲ್ಲಿಂದ ಅಲುಗುವುದೇ ಅಪರೂಪ. ‘ಇದೇನು, ಈ ತಿಗಣೆ ಓಡುತ್ತದೆ’ ಎಂದು ನನ್ನ ಹೆಂಡತಿ ಅಂದೇ ಹೇಳಿದ್ದಳು. ನಾನು ಟ್ಯಾಂಕಿಗೆ ಔಷಧ ಕಲಸುವ ಅವಸರದಲ್ಲಿದ್ದೆ.

ಹತ್ತು ದಿನದಲ್ಲಿ ಮರಿಗಳು ಅಂಟಿಕೊಂಡಲ್ಲೇ ಒಣಗಿದವು. ಗೊಂಚಲೊಳಗೆ ಔಷಧ ತಾಗದೆ ಅಡಗಿದ್ದ ತಿಗಣೆ ಉಳಿಯಿತು. ಅದರ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಕೂತು, ಪೇಟೆಗೆ ಹೋಗಬೇಕಿದ್ದ ಹಣ್ಣಿನಲ್ಲಿ ಬಹುಪಾಲು ಕೈಬಿಟ್ಟಿತು.

ಹೊಡೆಯಲೇಬೇಕಿದ್ದರೆ ಹುಳು ಬಿಡುವ ಮೊದಲೇ, ತಿಗಣೆ ಹತ್ತಿದ ಬಳ್ಳಿಗಷ್ಟೇ ಹೊಡೆಯಿರಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಬೇಡವೇ ಬೇಡ. ಎಲೆಯ ಮೇಲೆ ವಾರಗಟ್ಟಲೆ ಉಳಿದು ದುಂಬಿಯನ್ನು ಮುಗಿಸುತ್ತದೆ. ಇರುವೆಯನ್ನೂ ಮೊದಲೇ ತಡೆಯಿರಿ, ಸಿಹಿಯ ಆಸೆಗೆ ಅದು ತಿಗಣೆಗೆ ಕಾವಲು ನಿಲ್ಲುತ್ತದೆ. ಹುಳು ಬಿಟ್ಟಾದ ಮೇಲೆ ಆ ಬಿಳಿ ಮರಿಯನ್ನು ಒಂದು ಎಲೆಯ ಮೇಲಿಟ್ಟು, ಪಂಪು ಹಿಡಿಯುವ ಆಳಿಗೂ ತೋರಿಸಿ.