ಅಪ್ಪ ಅಮ್ಮನ್ನ ವಿಮಾನ ಹತ್ತಿಸುವವರು ಓದಿ: ವೋಚರ್‌ಗೆ ಸಹಿ ಹಾಕಿಸಿಕೊಳ್ತಾರೆ

ನನ್ನ ಬಾಣಂತನಕ್ಕೆ ಜರ್ಮನಿಗೆ ಬಂದಿದ್ದ ಅಮ್ಮ ಕಳೆದ ವರ್ಷ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಒಬ್ಬರೇ ಹೊರಟರು. ವಿಮಾನ ರಿಪೇರಿ ಅಂತ ಐದು ಗಂಟೆ ತಡ. ಗೇಟ್ ಹತ್ತಿರ ಸಿಬ್ಬಂದಿಯೊಬ್ಬರು ಟ್ಯಾಬ್ ಹಿಡಿದು ಬಂದು, 150 ಯೂರೋ ವೋಚರ್, ಇಲ್ಲಿ ಸಹಿ ಮಾಡಿ ಅಂದರಂತೆ. ಊಟದ ಕೂಪನ್ ಇರಬೇಕು ಅಂದುಕೊಂಡು ಅಮ್ಮ ಬೆರಳಲ್ಲೇ ಕನ್ನಡದಲ್ಲಿ ಸಹಿ ಹಾಕಿದರು.

ಆಮೇಲೆ ನಾನು ಪರಿಹಾರ ಕೇಳಿ ಮೇಲ್ ಹಾಕಿದೆ. ಉತ್ತರದ ಜೊತೆ ಅದೇ ಸಹಿ ಬಂತು. ಸೊಟ್ಟ ಸೊಟ್ಟ ಅಕ್ಷರ. ಅದರ ಮೇಲೆ ಸಣ್ಣ ಇಂಗ್ಲಿಷ್ ಸಾಲು: ಹಣದ ಬದಲು ಈ ವೋಚರ್ ಒಪ್ಪಿದ್ದೇನೆ. ವರ್ಷದೊಳಗೆ ಅದೇ ಕಂಪನಿಯಲ್ಲಿ ಬಳಸಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ. ಮಂಡಿ ನೋವಿನ ಅಮ್ಮ ವರ್ಷದೊಳಗೆ ಮತ್ತೆ ಎಲ್ಲಿಗೆ ಹೋಗುತ್ತಾರೆ? ಓದಿ ಹೊಟ್ಟೆ ಉರಿಯಿತು.

ಅಮ್ಮನಿಗೆ ಬರಬೇಕಿದ್ದದ್ದು 600 ಯೂರೋ, ಅದೂ ಹಣವಾಗಿ. ಯುರೋಪಿಯನ್ ಒಕ್ಕೂಟದ 261/2004 ನಿಯಮ ಅಲ್ಲಿಂದ ಹೊರಡುವ ಎಲ್ಲ ವಿಮಾನಕ್ಕೂ ಅನ್ವಯಿಸುತ್ತದೆ, ಕಂಪನಿ ಯಾವ ದೇಶದ್ದೇ ಇರಲಿ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ಕಂಪನಿ ಯುರೋಪಿನದ್ದೇ ಆಗಿರಬೇಕು. 3,500 ಕಿ.ಮೀ.ಗಿಂತ ದೂರದ ಪ್ರಯಾಣದಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ ಪೂರ್ತಿ 600. ಮೂರು ನಾಲ್ಕು ಗಂಟೆಯ ನಡುವೆ ಆದರೆ ಅರ್ಧಕ್ಕೆ ಇಳಿಸಬಹುದು. ಇಳಿದ ಮೇಲೆ ಬಾಗಿಲು ತೆಗೆದ ಹೊತ್ತೇ ಲೆಕ್ಕ. ಹವಾಮಾನ ಕೆಟ್ಟಿದ್ದರೆ ಕೊಡಬೇಕಾಗಿಲ್ಲ, ಆದರೆ ಮಾಮೂಲಿ ತಾಂತ್ರಿಕ ತೊಂದರೆಯನ್ನು ನೆಪ ಮಾಡುವಂತಿಲ್ಲ. ಹಣದ ಬದಲು ವೋಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಬೇಕೇ ಬೇಕು. ಆ ಟ್ಯಾಬ್ ಯಾಕೆ ಬಂತು ಅಂತ ಈಗ ಗೊತ್ತಾಯಿತು ಅಲ್ವಾ?

ಅದೇ ನಿಯಮದ 15ನೇ ವಿಧಿ ನಮ್ಮ ಪರವಾಗಿದೆ. ಹಕ್ಕು ಏನು ಅಂತ ಸರಿಯಾಗಿ ತಿಳಿಸದೆ ಕಡಿಮೆಗೆ ಒಪ್ಪಿಸಿದ್ದರೆ ಬಾಕಿಯನ್ನು ಕೇಳಬಹುದು. ಇದನ್ನು ಬರೆದು ಎರಡು ಸಲ ಕಳಿಸಿದೆ. ಎರಡು ಸಲವೂ ಆ ಸಹಿಯನ್ನೇ ತೋರಿಸಿದರು. ಈಗ ಇಲ್ಲಿನ ಪ್ರಯಾಣಿಕರ ದೂರು ಕೇಳುವ ಸಂಧಾನ ಸಂಸ್ಥೆಗೆ ಬರೆದಿದ್ದೇನೆ. ಎಂಟು ತಿಂಗಳಾಯಿತು, ಒಂದು ಪೈಸೆ ಬಂದಿಲ್ಲ. ಪರಿಹಾರ ಕೊಡಿಸುತ್ತೇವೆ ಅನ್ನುವ ಏಜೆನ್ಸಿಗಳೂ ಇವೆ, ಗೆದ್ದರೆ ಅವರದೇ ಒಂದು ಪಾಲು. ಸುಮ್ನೆ ಯಾಕೆ ಅಂತ ಬಿಟ್ಟೆ.

ಕಾಯುವಾಗ ಕೊಡುವ ಊಟ ತಿಂಡಿ ಬೇರೆ ಹಕ್ಕು. ಅದನ್ನು ಧಾರಾಳವಾಗಿ ತೆಗೆದುಕೊಳ್ಳಲಿ. ಆದರೆ ಯಾರೇ ಸಹಿ ಕೇಳಿದರೂ "ಮಗಳಿಗೆ ಫೋನ್ ಮಾಡಿ ಹಾಕ್ತೀನಿ" ಅನ್ನುವುದನ್ನು ಮನೆಯಲ್ಲೇ ಹೇಳಿಕೊಡಿ. ಬೋರ್ಡಿಂಗ್ ಪಾಸ್ ಬಿಸಾಡಲು ಬಿಡಬೇಡಿ. ಅಮ್ಮ ಅದನ್ನು ಪಂಚಾಂಗದೊಳಗೆ ಮಡಚಿಟ್ಟಿದ್ದರು, ದೂರಿನ ಜೊತೆ ಕಳಿಸಿದ್ದು ಅದನ್ನೇ.